ಅರ್ಜಿಯಿಂದ ಕಾಣೆಯಾದ ಹದಿನಾರು ವರ್ಷ

ನನ್ನ ಅರ್ಜಿಯ ಫೈಲನ್ನು ತೆರೆಯದೆ, ಅದರ ಮೇಲೇ ರೊಟ್ಟಿಯ ತಟ್ಟೆ ಇಟ್ಟರು. ಶಹಾಪುರದ ಹತ್ತಿ ಮಿಲ್ಲಿನಲ್ಲಿ ನನ್ನ ಸಂದರ್ಶನ ಶುರುವಾದದ್ದು ಹೀಗೆ. ಬೆಳಿಗ್ಗೆ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಬಸ್ಸು ಹಿಡಿದು, ಇಸ್ತ್ರಿ ಮಾಡಿದ ಅಂಗಿ ಸುಕ್ಕಾಗದಂತೆ ನೆಟ್ಟಗೆ ಕೂತು ಹೋದವನಿಗೆ ಮಿಲ್ಲಿನ ಸಾಹುಕಾರ ಶರಣಪ್ಪ, "ಬರ್ರಿ, ಮೊದಲ ಊಟ ಮಾಡ್ರಿ. ಮಾತು ಎಲ್ಲಿ ಓಡಿ ಹೋಗ್ತಾವ?" ಎಂದರು. ಜೋಳದ ರೊಟ್ಟಿ, ಪುಂಡಿಪಲ್ಲೆ ಎಂಬ ಹುಳಿ ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ ಅಂದರೆ ಕಡಲೆಕಾಯಿ ಚಟ್ನಿಪುಡಿ. ಮೈಸೂರಿನಲ್ಲಿ ಒಂದು ವರ್ಷ ಸಂದರ್ಶನಗಳಿಗೆ ಅಲೆದವನು ನಾನು. ಅಲ್ಲಿ ಒಂದು ಲೋಟ ನೀರು ಕೊಟ್ಟವರೂ ಕಡಿಮೆ. ಹಾಗಾಗಿ ರೊಟ್ಟಿ ಮುರಿಯುವಾಗ ನನಗೆ ಸಂತೋಷವಾಗಲಿಲ್ಲ, ಅನುಮಾನವಾಯಿತು. ಕೆಲಸ ಇಲ್ಲವೆಂದು ಹೇಳುವ ಮೊದಲು ಹೊಟ್ಟೆ ತುಂಬಿಸುತ್ತಿದ್ದಾರೋ, ಇಲ್ಲವೇ ನಾನು ಹೇಗೆ ಉಣ್ಣುತ್ತೇನೆಂದು ನೋಡುತ್ತಿದ್ದಾರೋ?

ಮೈಸೂರಿನಲ್ಲಿರುವ ನಿಮಗೆ ನನ್ನ ಕಥೆ ಅರ್ಧ ಗೊತ್ತು. ಇಪ್ಪತ್ತೆಂಟು ವರ್ಷ ಹತ್ತಿ ಪರೀಕ್ಷಕನಾಗಿದ್ದ ನೂಲಿನ ಗಿರಣಿ ಮುಚ್ಚಿತು. ಐವತ್ತೆರಡಕ್ಕೆ ಕೆಲಸ ಹೋಯಿತು. ಹೆಂಡತಿ ಗೀತಾ ಹೊಲಿಗೆ ಯಂತ್ರದ ಮುಂದೆ ಕೂತು ಮನೆ ನಡೆಸಿದಳು. ವಯಸ್ಸಾದವರಿಗೆ ಕೆಲಸ ಹುಡುಕುವ ಉಪಾಯ ಹೇಳಿಕೊಡುವ ಒಂದು ತರಗತಿಗೂ ಹೋದೆ. ನನ್ನ ಮಗಳ ವಯಸ್ಸಿನವಳೊಬ್ಬಳು ಪಾಠ ಮಾಡಿದಳು: ಹಳೆಯ ಅನುಭವ ಕತ್ತರಿಸಿ ಹಾಕಿ, ಹುಟ್ಟಿದ ಇಸವಿ ಬರೆಯಬೇಡಿ, ಕೂದಲಿಗೆ ಬಣ್ಣ ಹಚ್ಚಿ, 'ನಮ್ಮ ಕಾಲದಲ್ಲಿ' ಎಂದು ಬಾಯಿ ತಪ್ಪಿಯೂ ಅನ್ನಬೇಡಿ. ಎಲ್ಲವನ್ನೂ ಪಾಲಿಸಿದೆ. ಇಪ್ಪತ್ತೆಂಟು ವರ್ಷದ ಅನುಭವ ಹನ್ನೆರಡಕ್ಕೆ ಇಳಿಯಿತು. ವಯಸ್ಸು ಕೇಳಿದವರಿಗೆ ನಲವತ್ತು ದಾಟಿದೆ ಎನ್ನುತ್ತಿದ್ದೆ. ಅದೇನು ಸುಳ್ಳಲ್ಲವಲ್ಲ!

ಊಟವಾದ ಮೇಲೆ ಶರಣಪ್ಪನವರು, "ಒಂದು ತಿಂಗ್ಳ ಇದ್ದು ಮಾಡ್ರಿ. ಪಕ್ಕಾ ಮಾಡ್ಕೊಳ್ಳಾಕ ಗುರ್ತು ಬೇಕು" ಎಂದರು. ಗುರ್ತು ಎಂದರೆ ಕಾಗದವಲ್ಲ, ಮನುಷ್ಯ. ಈ ಭಾಗದವರೊಬ್ಬರು ಎದುರು ನಿಂತು 'ಇವರು ನನಗೆ ಗೊತ್ತು, ನಾನು ಹೊಣೆ' ಎನ್ನಬೇಕು. ನನ್ನ ಬಳಿ ಆರು ಪ್ರಮಾಣಪತ್ರಗಳಿದ್ದವು. ಗುರುತಿನವರು ಒಬ್ಬರೂ ಇರಲಿಲ್ಲ.

ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ಮನೆಯೊಡತಿ ಖಾಜಾಬಿ, ಸುರಪುರ ತವರಿನ ವಿಧವೆ. ಕೀಲಿ ಕೊಡುವ ಮೊದಲು ನನ್ನ ಜಾತಕವನ್ನೇ ಕೇಳಿದರು. ಚಹಾದಂಗಡಿಯವನೂ ಬಿಡಲಿಲ್ಲ. "ಮಕ್ಳೆಷ್ಟ್ರಿ? ಮನಿಯವ್ರನ್ನ ಯಾಕ ಕರ್ಕೊಂಡ ಬಂದಿಲ್ರಿ? ನಿಮ್ದು ಉಮರ್ ಎಷ್ಟ್ರಿ?" ಉಮರ್ ಎಂದರೆ ವಯಸ್ಸು, ಇಲ್ಲಿ ಬಂದು ನಾನು ಮೊದಲು ಕಲಿತ ಪದ ಅದೇ. ಮೈಸೂರಿನ ನಮ್ಮ ಬೀದಿಯಲ್ಲಿ ಹತ್ತು ವರ್ಷ ಪಕ್ಕದಲ್ಲಿದ್ದರೂ ಯಾರೂ ಇಷ್ಟು ನೇರವಾಗಿ ಕೇಳುವುದಿಲ್ಲ, ಹಿಂದಿನಿಂದ ತಿಳಿದುಕೊಳ್ಳುತ್ತಾರೆ. ಇವರೆಲ್ಲ ಸಾಹುಕಾರರಿಗೆ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂದು ನನಗೆ ಗುಮಾನಿ. ಮಿಲ್ಲಿನ ಮುನೀಮ ಬಸಣ್ಣ ದಿನವೂ ಅದೇ ಅಂಗಡಿಯಲ್ಲಿ ಚಹಾ ಕುಡಿಯುವುದನ್ನು ಕಂಡ ಮೇಲೆ ನಾನು ಅತ್ತ ಹೋಗುವುದನ್ನೇ ಬಿಟ್ಟೆ. ಅದು ಇನ್ನೂ ಕೆಟ್ಟದಾಯಿತು. ಇಲ್ಲಿ ಚಹಾ ಕುಡಿಯಲು ಬಾರದವನನ್ನು ಯಾರೂ ನಂಬುವುದಿಲ್ಲ.

ಮೂರನೇ ವಾರ ಸುರಪುರ ಕಡೆಯಿಂದ ಒಂದು ಲೋಡು ಹತ್ತಿ ಬಂತು. ಮೇಲೆ ಮಲ್ಲಿಗೆಯ ಹಾಗೆ ಬೆಳ್ಳಗಿತ್ತು. ನಾನು ಭುಜದವರೆಗೆ ಕೈ ತೂರಿಸಿ ಒಳಗಿನಿಂದ ಒಂದು ಹಿಡಿ ತೆಗೆದೆ, ಕೆನ್ನೆಗೆ ಒತ್ತಿ ನೋಡಿದೆ, ಎಳೆ ಬಿಡಿಸಿದೆ. "ನಡುವೆ ನೀರು ಹೊಡೆದಿದ್ದಾರೆ. ಅದೂ ನಿನ್ನೆ ಸಂಜೆ" ಎಂದೆ. ಮೂಟೆ ಬಿಚ್ಚಿಸಿದರೆ ಹಾಗೇ ಇತ್ತು. ಒಂದು ವರ್ಷದ ನಂತರವೂ ನನ್ನ ಕೈಗೆ ಕೆಲಸ ಮರೆತಿಲ್ಲವೆಂದು ಕಣ್ಣು ತುಂಬಿಬಂತು. ಶಹಬ್ಬಾಸ್ ಎನ್ನುತ್ತಾರೆಂದು ತಿರುಗಿದೆ.

ಬಸಣ್ಣ ನನ್ನ ಕೈಯನ್ನೇ ನೋಡುತ್ತಿದ್ದ. "ಇದು ಹನ್ನೆರಡು ವರ್ಸದ ಕೈ ಅಲ್ರಿ. ಉಳದ ವರ್ಸ ಎಲ್ಲಿದ್ರಿ?"

ಮೈಸೂರಿನಲ್ಲಿ ಕಲಿತ ಉಪಾಯ ಇಲ್ಲಿ ಕುತ್ತಿಗೆಗೆ ಬಂತು. ಸಂಜೆಯೊಳಗೆ ಊರಿನಲ್ಲಿ ಮೂರು ಕಥೆ ಹಬ್ಬಿದ್ದವು. ನಾನು ಜೈಲಿನಲ್ಲಿದ್ದೆ, ಯಾರಿಗೋ ಟೋಪಿ ಹಾಕಿ ಓಡಿ ಬಂದಿದ್ದೇನೆ, ನನಗೆ ಇನ್ನೊಂದು ಸಂಸಾರವಿದೆ. ಮನೆಗೆ ಬಂದರೆ ಖಾಜಾಬಿ ಬಾಗಿಲಲ್ಲೇ ನಿಂತಿದ್ದರು.

"ಖರೇ ಹೇಳ್ರಿ. ಜೇಲಿನ್ಯಾಗ ಇದ್ರೇನು?"

"ಇಲ್ಲಮ್ಮ."

"ಮತ್ತೊಬ್ಬಾಕಿ ಅದಾಳೇನು?"

"ಒಬ್ಬಳನ್ನೇ ಸಾಕಲಾಗದೆ ಇಲ್ಲಿಗೆ ಬಂದಿದ್ದೀನಮ್ಮ."

"ಮತ್ತ ಬಚ್ಚಲದಾಗ ಕರೀ ನೀರ ಹರೀತದ, ನಾ ನೋಡಿಲ್ಲೇನು? ವೇಷ ಯಾಕ?"

ಇನ್ನು ತಡೆಯಲಾಗಲಿಲ್ಲ. "ವಯಸ್ಸು ಮುಚ್ಚಿಟ್ಟೆ. ಐವತ್ಮೂರು. ಗೊತ್ತಾದರೆ ಯಾರೂ ಕೆಲಸ ಕೊಡಲ್ಲ. ಇದೂ ಹೋದರೆ ನನಗೆ ಬೇರೆ ದಾರಿ ಇಲ್ಲ" ಎಂದೆ. ಆಕೆ ಒಂದು ಗಳಿಗೆ ನನ್ನನ್ನೇ ದಿಟ್ಟಿಸಿ, ಸೆರಗು ಬಾಯಿಗೆ ಹಿಡಿದು ನಗತೊಡಗಿದರು. "ಯಾ ಅಲ್ಲಾ! ಇಷ್ಟಕ್ಕ ಇಷ್ಟೆಲ್ಲಾ?" ಆ ನಗು ನನಗೆ ಬೈಗುಳಕ್ಕಿಂತ ಚುಚ್ಚಿತು. ಬೆಳಗಾದರೆ ಕೋಣೆ ಖಾಲಿ ಮಾಡಿಸುತ್ತಾರೆಂದು ಬಟ್ಟೆ ಮಡಚಿಟ್ಟೆ.

ಮರುದಿನ ಹತ್ತು ಗಂಟೆಗೆ ಖಾಜಾಬಿ ಛತ್ರಿ ಊರಿಕೊಂಡು ಮಿಲ್ಲಿಗೇ ಬಂದುಬಿಟ್ಟರು. ಸಾಹುಕಾರರ ಎದುರು ಕುರ್ಚಿ ಎಳೆದು ಕೂತು ಹೇಳಿದರು: "ಇವ್ರಿಗಿ ನಾ ಗುರ್ತು. ಇವ್ರು ಕಳ್ರಲ್ರಿ ಸಾವ್ಕಾರ್ರ, ಮುದುಕ್ರು. ಅಷ್ಟ."

ಆಫೀಸೆಲ್ಲ ಗೊಳ್ಳೆಂದಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಶರಣಪ್ಪನವರು ಕಣ್ಣೊರೆಸಿಕೊಂಡು, "ಮೊದಲ ಹೇಳಬಾರದೇನ್ರಿ? ಹುಡುಗ್ರನ್ನ ಇಟ್ಕೊಂಡ್ರ ಕೆಲಸ ಕಲ್ತು ಹೈದ್ರಾಬಾದ್ ಹಾದಿ ಹಿಡೀತಾರ. ನಿಮಗಿನ್ನ ಯಾರು ಕರೀತಾರ? ನೀವು ಎಲ್ಲೂ ಹೋಗಂಗಿಲ್ಲ. ಇವತ್ತಿಂದ ಪಕ್ಕಾ" ಎಂದರು. ಕೆಲಸ ಸಿಕ್ಕಿತು. ಆ ಮಾತನ್ನು ಮಾತ್ರ ಇಂದಿಗೂ ನುಂಗಲಾಗಿಲ್ಲ. ನನ್ನ ಕೈ ನಂಬಿ ಇಟ್ಟುಕೊಂಡರೋ, ನನಗೆ ಗತಿಯಿಲ್ಲವೆಂದು ಇಟ್ಟುಕೊಂಡರೋ? ಕೇಳಲು ಧೈರ್ಯವಾಗಿಲ್ಲ.

ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ. ಚಹಾದಂಗಡಿಯಲ್ಲಿ ನನಗೊಂದು ಜಾಗ ಇದೆ. ರೊಟ್ಟಿ ಒಗ್ಗಿದೆ, ಆದರೂ ವಾರಕ್ಕೊಮ್ಮೆ ಮುದ್ದೆ ಸಾರು ನೆನೆದು ಬಾಯಲ್ಲಿ ನೀರೂರುತ್ತದೆ. ಇಲ್ಲಿಯವರ ಮಾತು ಮೊದಲಿಗೆ ಜಗಳದ ಹಾಗೆ ಕೇಳುತ್ತಿತ್ತು. ಈಗ ಮೈಸೂರಿನವರು ಮೆತ್ತಗೆ ಮಾತಾಡಿದರೆ ಏನು ಬಚ್ಚಿಟ್ಟಿದ್ದಾರೋ ಎಂದು ಅನುಮಾನ ಬರುತ್ತದೆ.

ಕಳೆದ ಬುಧವಾರ ಮೈಸೂರಿನಿಂದ ಫೋನ್ ಬಂತು. ನಾನು ಹಿಂದೆಂದೋ ಅರ್ಜಿ ಹಾಕಿದ್ದ ಒಂದು ಬಟ್ಟೆ ಕಂಪನಿ. ಹನ್ನೆರಡು ವರ್ಷದ ಅನುಭವದ ಅದೇ ಅರ್ಜಿ. "ನಿಮ್ಮ ಪ್ರೊಫೈಲ್ ಸರಿಹೊಂದುತ್ತೆ ಸರ್. ವಯಸ್ಸು ನಲವತ್ತರ ಆಸುಪಾಸು ಅಲ್ವಾ?" ಎಂದಿತು ಒಂದು ಮೆದು ದನಿ. ಹೂಂ ಎಂದಿದ್ದರೆ ಸಾಕಿತ್ತು. "ಐವತ್ಮೂರು" ಎಂದೆ. "ಸರಿ ಸರ್, ತಿಳಿಸ್ತೀವಿ." ತಿಳಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಂದಿನಿಂದ ನನ್ನ ಮೇಲೇ ನನಗೆ ಗುಮಾನಿ. ನಿಜ ಹೇಳುವಷ್ಟು ದೊಡ್ಡವನಾದೆನೋ, ಹಿಂದಿರುಗದಿರಲು ಒಂದು ನೆಪ ಹುಡುಕಿದೆನೋ?

ಆ ಬುಧವಾರ ಸಂಜೆಯೇ ಗೀತಾ ಫೋನಿನಲ್ಲಿ ಕೇಳಿದಳು, "ಆ ಬಟ್ಟೆ ಕಂಪನಿಯವರು ನಿಮ್ಮ ಗಿರಣಿಯಲ್ಲಿದ್ದೋರಿಗೆಲ್ಲ ಫೋನ್ ಮಾಡ್ತಿದ್ದಾರಂತೆ. ನಿಮಗೆ ಬಂತಾ?"

"ಇಲ್ಲ" ಎಂದೆ.

"ಬರುತ್ತೆ ಬಿಡಿ. ಬಂದ ತಕ್ಷಣ ಹೊರಟು ಬನ್ನಿ. ಒಂದು ದಿನಾನೂ ನಿಲ್ಬೇಡಿ."

ಹೂಂ ಎಂದೆ. ಊರಿಗೆಲ್ಲ ವಯಸ್ಸು ಮುಚ್ಚಿಟ್ಟು ತಿರುಗಿದವನು ನಾನು. ಅವಳಿಂದ ಒಂದು ಮಾತು ಮುಚ್ಚಿಟ್ಟದ್ದು ಇದೇ ಮೊದಲು.