ತಪಸ್ಸು ಕಾಲದಲ್ಲೊಂದು ಅಲ್ಲೆಲೂಯ

ನಮ್ಮ ಚರ್ಚಿನ ಕ್ಯಾಲೆಂಡರಿನಲ್ಲಿ ನನಗೆ ಬಲು ಇಷ್ಟವಾದ ಕಾಲವೆಂದರೆ ‘ಸಾಧಾರಣ ಕಾಲ’. ಹೆಸರೇ ಹಾಗೆ, ನಾನಿಟ್ಟದ್ದಲ್ಲ. ಕ್ರಿಸ್ತನ ಹುಟ್ಟಿಗೆ ಕಾಯುವ ಆಗಮನ ಕಾಲ, ಶಿಲುಬೆಯನ್ನು ನೆನೆಯುವ ತಪಸ್ಸು ಕಾಲ, ಅವನು ಎದ್ದುಬಂದದ್ದನ್ನು ಹಾಡುವ ಪಾಸ್ಖ ಕಾಲ, ಇವೆಲ್ಲ ಕಳೆದು ಮಿಕ್ಕ ವಾರಗಳನ್ನು ಹಿರಿಯರು ಸಂಕೋಚವಿಲ್ಲದೆ ಸಾಧಾರಣ ಎಂದು ಕರೆದುಬಿಟ್ಟಿದ್ದಾರೆ. ಆಗ ಅಳಬೇಕಾಗಿಲ್ಲ, ಕುಣಿಯಬೇಕಾಗಿಲ್ಲ. ನನ್ನಂಥ ಅರೆನಂಬಿಕೆಯವಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಹೀಗಿರುವ ನಾನು ಕಳೆದ ಮಾರ್ಚಿನಲ್ಲಿ ಇನ್ನೊಂದು ಕಾಲಕ್ಕೆ ಜಾರಿ ಬಿದ್ದೆ. ಬಿದ್ದದ್ದು ಎಲ್ಲಿಗೆ ಎಂದು ಇನ್ನೂ ಪೂರ್ತಿ ಗೊತ್ತಾಗಿಲ್ಲ. ಆದರೆ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದೀತು, ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿದ್ದೇನೆ.

ನಾನು ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಯಾರಾದರೂ ‘ಇವತ್ತು ಎಂಥ ಸೆಕೆ’ ಎಂದರೆ ‘ಯಾವುದಕ್ಕೆ ಹೋಲಿಸಿ?’ ಎಂದು ಕೇಳದೆ ಇರಲಾರೆ. ಈಗ ಮಡಿಕೇರಿಯಲ್ಲಿ ವಕೀಲರೊಬ್ಬರ ಹತ್ತಿರ ಜೂನಿಯರ್. ಕೆಲಸವಿಲ್ಲದ ದಿನ ದೇವರನ್ನೇ ಎದುರು ಪಕ್ಷವಾಗಿ ನಿಲ್ಲಿಸಿಕೊಳ್ಳುತ್ತೇನೆ. ಅವನು ಹಾಜರಾಗುವುದಿಲ್ಲ, ತೀರ್ಪು ನನ್ನ ಕಡೆಗೆ ಆಗುತ್ತದೆ. ಅದರಲ್ಲೂ ‘ರಕ್ಷಣೆ’ ಎಂಬ ಮಾತು ಕೇಳಿದರೆ ನನ್ನ ಕಿವಿ ನಿಮಿರುತ್ತದೆ. ರಕ್ಷಣೆ ಯಾವುದರಿಂದ? ನಾನು ಮುಳುಗುತ್ತಿದ್ದೇನೆಂದು ಹೇಳಿದವರಾರು? ಕೇಳದವರನ್ನು ಎಳೆದು ದಡಕ್ಕೆ ಹಾಕಿ, ಆಮೇಲೆ ಜೀವನವಿಡೀ ಧನ್ಯವಾದ ಹೇಳು ಎನ್ನುವುದು ಯಾವ ನ್ಯಾಯ? ಇದನ್ನು ಒಮ್ಮೆ ನಮ್ಮ ಫಾದರ್ ಮುಂದೆ ಇಟ್ಟಿದ್ದೆ. ಅವರು ಕನ್ನಡಕ ಒರೆಸಿಕೊಂಡು, “ಮಗೂ, ಊಟದ ಹೊತ್ತಾಯಿತು, ಬಾ” ಎಂದರು. ಅದನ್ನು ನನ್ನ ಗೆಲುವಿನ ಖಾತೆಗೆ ಬರೆದುಕೊಂಡೆ.

ಈ ಕತೆಯ ಕೇಂದ್ರದಲ್ಲಿರುವವರು ನನ್ನ ದೊಡ್ಡಮ್ಮ ರೋಸಮ್ಮ. ತಿತಿಮತಿಯ ಹತ್ತಿರ, ಕಾಡಿನ ಅಂಚಿಗೆ, ಅವರದೊಂದು ಪುಟ್ಟ ರೋಬಸ್ಟ ಕಾಫಿ ತೋಟವಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ತೋಟದ್ದೆಲ್ಲ ಅವರದೇ ಕಾರುಬಾರು, ಚರ್ಚಿನ ಗಾಯನದ ಗುಂಪಿನದೂ ಅವರದೇ. ಅವರ ದನಿ ಎಂಥದೆಂದರೆ, ಹಾರ್ಮೋನಿಯಂ ಅವರನ್ನು ಹಿಂಬಾಲಿಸುತ್ತದೆ.

ಕಾಫಿಯ ಸಂಗತಿ ಗೊತ್ತಿಲ್ಲದವರಿಗೆ ಒಂದು ಮಾತು. ಕೊಯ್ಲು ಮುಗಿದ ಮೇಲೆ ಗಿಡ ಒಣಗಬೇಕು. ಎಲೆ ಬಾಡಿ ಜೋತುಬೀಳಬೇಕು. ಆಗ ಮೊಗ್ಗುಗಳು ಮುಷ್ಟಿ ಬಿಗಿದುಕೊಂಡು ಕೂರುತ್ತವೆ, ಹಟ ಹಿಡಿದ ಮಕ್ಕಳ ಹಾಗೆ. ಮಾರ್ಚಿನ ಹೊತ್ತಿಗೆ ಒಂದು ಗಟ್ಟಿ ಮಳೆ ಬಿದ್ದರೆ ಎಲ್ಲ ಮುಷ್ಟಿಗಳೂ ಒಟ್ಟಿಗೆ ಬಿಚ್ಚಿಕೊಂಡು ತೋಟವೆಲ್ಲ ಬೆಳ್ಳಗಾಗುತ್ತದೆ. ಅದೇ ಹೂಮಳೆ. ಆ ಬರ ಇಲ್ಲದೆ ಈ ಹೂವಿಲ್ಲ. ಚರ್ಚಿನಲ್ಲಿ ತಪಸ್ಸು ಕಾಲ ನಡೆಯುವುದೂ ಸರಿಯಾಗಿ ಅದೇ ದಿನಗಳಲ್ಲಿ! ಒಳಗೆ ಬಲಿಪೀಠಕ್ಕೆ ನೇರಳೆ ಬಟ್ಟೆ, ಹೊರಗೆ ಬಾಡಿದ ಎಲೆ. ಒಳಗೆ ಉಪವಾಸ, ಹೊರಗೂ ಉಪವಾಸ. ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎದುರು ಪಕ್ಷದ ವಾದದಲ್ಲಿ ತೂತು ಹುಡುಕುವ ಭರದಲ್ಲಿ ಕಿಟಕಿಯಿಂದಾಚೆ ನೋಡುವುದು ಮರೆತಿದ್ದೆ.

ಹೂಮಳೆಯಲ್ಲಿ ಒಂದು ಮೋಸವೂ ಇದೆ. ಮಳೆ ಬಾರದಿದ್ದರೆ ಮೊಗ್ಗು ಇನ್ನಷ್ಟು ದಿನ ಕಾದೀತು. ತುಸುವೇ ಹನಿದು ನಿಂತುಬಿಟ್ಟರೆ ಕೆಟ್ಟೆವು. ಮೊಗ್ಗು ನಂಬಿ ಅರ್ಧ ಕಣ್ಣು ತೆರೆಯುತ್ತದೆ, ಮುಂದಿನ ನೀರು ಸಿಗದೆ ಕೆಂಪಗಾಗಿ ಅಲ್ಲೇ ಕಮರುತ್ತದೆ. ಸ್ಪ್ರಿಂಕ್ಲರ್ ಇದ್ದವರು ತಕ್ಷಣ ನೀರು ಹಾರಿಸಿ ಉಳಿಸಿಕೊಳ್ಳುತ್ತಾರೆ. ದೊಡ್ಡಮ್ಮನಿಗೆ ಕೆರೆಯೂ ಇಲ್ಲ, ಸ್ಪ್ರಿಂಕ್ಲರೂ ಇಲ್ಲ.

ವಾರದ ಕೊನೆಗೆಂದು ನಾನು ದೊಡ್ಡಮ್ಮನಲ್ಲಿಗೆ ಬಂದಿದ್ದ ಆ ಶನಿವಾರ ಸಂಜೆ ಹನಿಯಿತು. ಮಣ್ಣಿನ ವಾಸನೆ ಎದ್ದಿತು. ಮರುದಿನ ಚರ್ಚಿನಲ್ಲಿ ಎಲ್ಲರ ಮುಖ ತೊಳೆದ ಎಲೆಯ ಹಾಗಿತ್ತು. ತಪಸ್ಸು ಕಾಲದಲ್ಲಿ ಅಲ್ಲೆಲೂಯ, ಎಂದರೆ ದೇವರಿಗೆ ಸ್ತೋತ್ರ, ಹಾಡುವಂತಿಲ್ಲ. ಆ ಪದವನ್ನು ಈಸ್ಟರ್ ತನಕ ಬಾಯಿಗೆ ತರುವುದಿಲ್ಲ, ಮಕ್ಕಳಿಗೂ ಗೊತ್ತು. ಅಂಥದ್ದರಲ್ಲಿ ನಮ್ಮ ದೊಡ್ಡಮ್ಮ, ಗಾಯನದ ಮುಂದಾಳು, ಎದೆ ತುಂಬಿ ಅಲ್ಲೆಲೂಯ ಎತ್ತಿಬಿಟ್ಟರು! ಹಾರ್ಮೋನಿಯಂ ಒಂದು ಕ್ಷಣ ತಬ್ಬಿಬ್ಬಾಗಿ, ಅಭ್ಯಾಸಬಲದಿಂದ ಹಿಂಬಾಲಿಸಿತು. ಗುಂಪೂ ಹಿಂಬಾಲಿಸಿತು. ಮಳೆಯ ಗುಂಗಿನಲ್ಲಿದ್ದ ಇಡೀ ಚರ್ಚು ನೇರಳೆ ಬಟ್ಟೆಯ ಮುಂದೆ ನಿಂತು ಅಲ್ಲೆಲೂಯ ಹಾಡಿತು. ಫಾದರ್ ಕನ್ನಡಕ ತೆಗೆದರು, ಹಾಕಿಕೊಂಡರು.

ಪೂಜೆ ಮುಗಿದ ಮೇಲೆ ಅವರು ಮೆಟ್ಟಿಲಲ್ಲಿ ತಡೆದು, “ರೋಸಮ್ಮ, ತಪಸ್ಸು ಕಾಲ ಇನ್ನೂ ಮುಗಿದಿಲ್ಲ” ಎಂದರು.

“ಮುಗಿಯುತ್ತಲ್ವಾ ಫಾದರ್?” ಎಂದರು ದೊಡ್ಡಮ್ಮ.

ಆದರೆ ತೋಟಕ್ಕೆ ಬಂದು ಗಿಡದ ಬುಡ ಕೆದಕಿದಾಗ ಅವರ ಮುಖ ಇಳಿಯಿತು. ಮೇಲ್ಮಣ್ಣು ಮಾತ್ರ ಒದ್ದೆ, ಬೆರಳು ಇಳಿಸಿದರೆ ಒಣಧೂಳು. ಮೊಗ್ಗುಗಳು ಆಗಲೇ ಉಬ್ಬತೊಡಗಿದ್ದವು. ಮೋಡ ಚೂರೂ ಇರಲಿಲ್ಲ. ಎರಡು ಮೂರು ದಿನದಲ್ಲಿ ನೀರು ಬೀಳದಿದ್ದರೆ ಮುಂದಿನ ವರ್ಷದ ಫಸಲು ಹೋದಂತೆಯೇ.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! “ದೊಡ್ಡಮ್ಮ, ಗಮನಿಸಿದ್ರಾ? ನೀವು ಇಡೀ ಊರನ್ನ ಸೇರಿಸಿ ದೇವರಿಗೆ ಥ್ಯಾಂಕ್ಸ್ ಹೇಳಿದ್ದು ನಿಮ್ಮ ಬೆಳೆ ಹಾಳು ಮಾಡಿದ ಮಳೆಗೆ.”

ಅವರು ಮೊಗ್ಗನ್ನೇ ನೋಡುತ್ತ, “ಕೊಟ್ಟ ಥ್ಯಾಂಕ್ಸ್ ವಾಪಸ್ ತಗೊಳ್ಳೋಕಾಗುತ್ತೇನೇ? ಹೋಗಿದೆ, ಹೋಗ್ಲಿ ಬಿಡು. ಅವನೇ ಏನಾದ್ರೂ ಮಾಡ್ಕೊಳ್ಳಲಿ” ಎಂದರು.

ಪಕ್ಕದ ತೋಟದ ಪೂಣಚ್ಚನವರಿಗೆ ಕೆರೆಯಿದೆ, ಸ್ಪ್ರಿಂಕ್ಲರೂ ಇದೆ. ಆದರೆ ಅವರಿಗೂ ನಮಗೂ ಮಾತಿಲ್ಲ. ಬೇಲಿಯ ನಮ್ಮ ಬದಿಯಲ್ಲಿ ಒಂದು ಹಲಸಿನ ಮರವಿದೆ. ಹಣ್ಣಿನ ವಾಸನೆಗೆ ಆನೆಗಳು ಬರುತ್ತವೆ, ಬರುವ ದಾರಿ ಅವರ ತೋಟ. ಮರ ಕಡಿಸಿ ಎಂದು ಅವರು, ದೊಡ್ಡಪ್ಪ ನೆಟ್ಟದ್ದು ಕಡಿಸಲಾರೆ ಎಂದು ದೊಡ್ಡಮ್ಮ. ಆ ವ್ಯಾಜ್ಯದಲ್ಲಿ ದೊಡ್ಡಮ್ಮನ ಪರವಾಗಿ ಗೇಟಿನ ಬಳಿ ವಾದಿಸಿದವಳು ನಾನೇ. ಆನೆ ಯಾವ ಮರದ ವಾಸನೆಗೆ ಬಂತೆಂದು ರುಜುವಾತು ಮಾಡಿ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ್ದೆ. ಭರ್ಜರಿ ಗೆಲುವು! ಈಗ ಅರ್ಥವಾಯಿತು ನೋಡಿ: ಸೋತವರಾದರೂ ಹೋಗಿ ನೀರು ಕೇಳಬಹುದು, ಗೆದ್ದವರಿಗೆ ಆ ಮುಖ ಇರುವುದಿಲ್ಲ. ದೊಡ್ಡಮ್ಮ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರೂ ಅನ್ನಕ್ಕೆ ಸಾರು ಕಲಸಿಕೊಂಡು ಊಟಕ್ಕೆ ಕೂತೆವು.

ಊಟ ಮುಗಿದಿರಲಿಲ್ಲ, ಬೇಲಿಯ ಕಡೆಯಿಂದ ಚಕ್ ಚಕ್ ಚಕ್ ಎಂಬ ಸದ್ದು. ಓಡಿಹೋದರೆ, ಹಲಸಿನ ಮರಕ್ಕೆ ಪೈಪು ಕಟ್ಟಿದ್ದಾರೆ, ಬೇಲಿ ದಾಟಿಸಿದ್ದಾರೆ, ನಮ್ಮ ಗಿಡಗಳ ಮೇಲೆ ನೀರು ಕಮಾನಿನಂತೆ ಹಾರುತ್ತಿದೆ! ನಡುವೆ ಚಡ್ಡಿ ತೊಟ್ಟು, ತಲೆಯಿಂದ ಪಾದದ ತನಕ ನೆನೆದು ನಿಂತಿದ್ದಾರೆ ಪೂಣಚ್ಚನವರು.

“ಅಂಕಲ್, ನಾವು ಕೇಳಿಲ್ವಲ್ಲ!” ಎಂದೆ. ಬೇರೇನೂ ತೋಚಲಿಲ್ಲ.

“ಮೊಗ್ಗು ಕೇಳ್ತಾ ಉಂಟಲ್ಲ ಲಾಯರಮ್ಮ.”

“ಆದ್ರೂ ಯಾಕೆ ಅಂತ...”

“ಯಾಕೆ ಗೀಕೆ ಆಮೇಲೆ. ಆ ಕಡೆ ಪೈಪ್ ಹಿಡ್ಕೊ, ಶಿಫ್ಟ್ ಮಾಡ್ಬೇಕು.”

ಅಷ್ಟರಲ್ಲಿ ದೊಡ್ಡಮ್ಮ ಕೈ ತೊಳೆಯದೆ ಬಂದಿದ್ದರು. “ಪೂಣಚ್ಚ, ಆ ಮರ ಬೇಕಾದ್ರೆ ನಾಳೆನೇ ಕಡಿಸ್ತೀನಿ” ಎಂದರು.

“ಅಯ್ಯೋ, ಪೈಪ್ ಕಟ್ಟಿದ್ದೇನೆ ಅದಕ್ಕೆ! ಮರದ ವಿಷಯ ಬೇರೆ ರೋಸಮ್ಮ. ಹಣ್ಣಾಗುವಾಗ ಸರಿಯಾಗಿ ಜಗಳ ಮಾಡುವ. ಈಗ ನೀರಿಗೆ ಅಡ್ಡ ನಿಲ್ಲಬೇಡಿ.”

ನಾನು ಪೈಪು ಹೊತ್ತೆ. ಒದ್ದೆ ಪೈಪು ಭುಜದ ಮೇಲೆ ಜಾರುತ್ತಿತ್ತು, ಕಿವಿಯೊಳಗೆ ನೀರು, ಚಪ್ಪಲಿ ಕೆಸರಿನಲ್ಲಿ ಎಲ್ಲೋ ಉಳಿಯಿತು. ತಲೆ ಮಾತ್ರ ರೂಢಿಯಂತೆ ಓಡುತ್ತಿತ್ತು. ಈ ಮನುಷ್ಯನಿಗೆ ಇದರಿಂದ ಲಾಭವೇನು? ಮರವಲ್ಲ, ಅದನ್ನು ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಕ್ಷಮೆಯೂ ಅಲ್ಲ, ಜಗಳದ ಹಕ್ಕನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಾರೆ. ಹಾಗಾದರೆ ಕಾರಣವೇನು? ಸಾಲು ಮುಗಿದು ಇನ್ನೊಂದು ಸಾಲಿಗೆ ಬಂದೆ, ಕಾರಣ ಸಿಗಲಿಲ್ಲ. ಆಗ ಹೊಳೆಯಿತು, ಮತ್ತು ಹೊಳೆದ ರಭಸಕ್ಕೆ ಪೈಪು ಕೈಬಿಟ್ಟೆ: ಕೇಳದವರನ್ನು ದಡಕ್ಕೆ ಎಳೆಯುವುದು ಅನ್ಯಾಯವೆಂದು ಅಷ್ಟು ವರ್ಷ ವಾದಿಸಿದ್ದ ನಾನು, ಕೇಳದೆಯೇ ಬಂದ ನೀರಿನಲ್ಲಿ ತೊಯ್ದು ನಗುತ್ತಿದ್ದೇನೆ! ರಕ್ಷಣೆ ಯಾವುದರಿಂದ ಎಂಬ ಪ್ರಶ್ನೆಗೂ ಉತ್ತರದ ಒಂದು ತುದಿ ಸಿಕ್ಕಿತು. ಗಿಡವನ್ನು ಉಳಿಸಬೇಕಾದದ್ದು ಬರದಿಂದಲ್ಲ, ಬರ ಅದಕ್ಕೆ ಬೇಕೇ ಬೇಕು. ಉಳಿಸಬೇಕಾದದ್ದು ಅರ್ಧ ತೆರೆದು ನಿಂತ ಸ್ಥಿತಿಯಿಂದ. ಪೂರ್ತಿ ಮುಚ್ಚಿದ ಮೊಗ್ಗಿಗೆ ಭಯವಿಲ್ಲ. ಅರೆನಂಬಿಕೆಯೇ ಜಾಣತನವೆಂದು ಸಾಧಾರಣ ಕಾಲದಲ್ಲಿ ಹಾಯಾಗಿ ಕುಳಿತಿದ್ದವಳು ಯಾರೆಂದು ನಿಮಗೆ ನೆನಪಿರಬಹುದು.

“ಪೈಪ್ ಬಿಟ್ಟು ಏನು ಧ್ಯಾನ!” ಎಂದು ಪೂಣಚ್ಚನವರು ಕೂಗಿದರು.

ನೀವು ತಕರಾರು ಎತ್ತುವುದು ನನಗೆ ಗೊತ್ತು, ಯಾಕೆಂದರೆ ನಾನೇ ಎತ್ತಿದ್ದೇನೆ. ನೀರು ಕೊಟ್ಟದ್ದು ಪೂಣಚ್ಚ, ದೇವರಲ್ಲ. ಭಾಗಮಂಡಲಕ್ಕೆ ತಪ್ಪದೆ ಹೋಗಿ ಕಾವೇರಮ್ಮನಿಗೆ ಕೈಮುಗಿಯುವ ಅವರನ್ನು ನಮ್ಮ ಯೇಸುವಿನ ಕಡೆಯ ಸಾಕ್ಷಿಯಾಗಿ ಹಾಜರುಪಡಿಸುವುದು ಮೋಸ. ಒಪ್ಪಿದೆ. ದೊಡ್ಡಮ್ಮನಿಗೆ ಇದನ್ನೇ ಹೇಳಿದೆ. ಅವರು, “ಅಲ್ವೇ, ಪೂಣಚ್ಚನಿಗೆ ಥ್ಯಾಂಕ್ಸ್ ಹೇಳಿ ಆಯ್ತು. ಅಂಥ ಪೂಣಚ್ಚ ಪಕ್ಕದಲ್ಲೇ ಇದ್ದಾನಲ್ಲ, ಅದಕ್ಕೆ ಯಾರಿಗೆ ಹೇಳ್ಲಿ?” ಎಂದರು.

ಮುಂದಿನ ವಾರ ತೋಟ ಅರಳಿತು. ಬೆಳಿಗ್ಗೆ ಬಾಗಿಲು ತೆಗೆದರೆ ಪರಿಮಳ ಎದೆಗೆ ಬಂದು ಡಿಕ್ಕಿ ಹೊಡೆಯಿತು. ರೆಂಬೆ ರೆಂಬೆಗೂ ಬಿಳಿ, ಆ ಬಿಳಿಯ ತುಂಬ ಜೇನ್ನೊಣದ ಗುಂಯ್. ಬೇಲಿ ಎಲ್ಲಿದೆಯೆಂದು ಕಾಣಿಸುತ್ತಲೇ ಇರಲಿಲ್ಲ, ಆಚೆಗೂ ಅದೇ ಬಿಳಿ. ಚರ್ಚಿನಲ್ಲಿ ಇನ್ನೂ ನೇರಳೆ ಬಟ್ಟೆಯೇ ಇತ್ತು, ಈಸ್ಟರಿಗೆ ದಿನಗಳಿದ್ದವು. ಆ ಗಿಡಗಳ ನಡುವೆ ನಿಂತಾಗ ನನ್ನ ಬಾಯಿಂದ ಒಂದು ಪದ ಹೊರಬಿತ್ತು. ಯಾವುದೆಂದು ಹೇಳುವುದಿಲ್ಲ, ಆ ಕಾಲದಲ್ಲಿ ಅದನ್ನು ಹೇಳುವಂತಿಲ್ಲ. ಯಾರಿಗೆ ಹೇಳಿದೆ ಎಂದು ಕೇಳಬೇಡಿ. ಕೃತಜ್ಞತೆ ಮೊದಲು ಹೊರಟುಬಿಟ್ಟಿದೆ, ವಿಳಾಸ ಹುಡುಕಿಕೊಂಡು ನಾನು ಅದರ ಹಿಂದೆ ಓಡುತ್ತಿದ್ದೇನೆ.

ಅಂದ ಹಾಗೆ, ಹಲಸು ಬಲಿಯುತ್ತಿದೆ. ಜಗಳಕ್ಕೆ ದಿನ ಹತ್ತಿರವಾಯಿತೆಂದು ಪೂಣಚ್ಚನವರು ಬೇಲಿಯಾಚೆಯಿಂದ ನೆನಪಿಸಿದ್ದಾರೆ. ದೊಡ್ಡಮ್ಮ ನನ್ನನ್ನು ಕರೆಸಿಕೊಂಡಿದ್ದಾರೆ. ನಾನು ತಯಾರಾಗಿ ಬಂದಿದ್ದೇನೆ. ಹಣ್ಣಾಗುವ ಮೊದಲೇ ಕಾಯಿ ಇಳಿಸಿಬಿಟ್ಟರೆ ಮರವೂ ಉಳಿದೀತು, ಆನೆಯೂ ಬಾರದು ಎಂಬುದು ನನ್ನ ಹೊಸ ವಾದ. ಇದರಲ್ಲಿ ಗೆಲ್ಲುವವರು ಯಾರೆಂದು ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ. ಸದ್ಯಕ್ಕೆ ಮರದ ಮೇಲಿದ್ದೇನೆ, ಕೆಳಗೆ ಕಾಯಿ ಹಿಡಿಯಲು ಗೋಣಿಚೀಲದ ಒಂದು ತುದಿ ದೊಡ್ಡಮ್ಮನ ಕೈಯಲ್ಲಿ, ಇನ್ನೊಂದು ತುದಿ ಪೂಣಚ್ಚನವರ ಕೈಯಲ್ಲಿ. ಇಬ್ಬರೂ ಜೋರಾಗಿ ಜಗಳವಾಡುತ್ತಿದ್ದಾರೆ.