ಮೊಣಕೈ ಮಟ್ಟದ ಕೆಂಪು ದಾರ

ಕಳೆದ ಭಾನುವಾರ ಚಿಕ್ಕೋಡಿಯ ಚಪ್ಪಲಿ ಅಂಗಡಿಯಲ್ಲಿ, ಆಗತಾನೇ ಬಾಯಿ ಬಿಚ್ಚಿದ ಚೀಲದಿಂದ ಎಣ್ಣೆ ಹಚ್ಚಿದ ಹೊಸ ತೊಗಲಿನ ವಾಸನೆ ಬಂತು. ನಮ್ಮ ಸಂಘದ ಚೀಲವೇ. ಒಡನೆ ಚಾಚಾ ನೆನಪಾದರು... ಬಹಳ ದಿನ ನಾನು ಕಳ್ಳರೆಂದೇ ತಿಳಿದಿದ್ದ ಮನುಷ್ಯ.

ಅಥಣಿ ಬಳಿಯ ನಮ್ಮೂರಿನಲ್ಲಿ ಏಳು ಮನೆಯವರು ಸೇರಿ ಚಪ್ಪಲಿ ಹೊಲಿಯುವ ಸಂಘ ಕಟ್ಟಿದ್ದರು. ಡಿಗ್ರಿ ಮುಗಿಸಿದ ನಾನು ಅಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಾಲು ಕೊಳ್ಳುವ ವ್ಯಾಪಾರಿಯ ಪರವಾಗಿ ನಿಪ್ಪಾಣಿಯಿಂದ ಚಾಚಾ ತಪಾಸಣೆಗೆ ಬರುತ್ತಿದ್ದರು. ಹತ್ತು ಚೀಲದ ಮಾಲಿಗೆ ಅವರ ನಿಯಮ ಒಂದೇ: ಚೀಲಕ್ಕೆ ಎರಡರಂತೆ ಇಪ್ಪತ್ತು ಜೋಡಿ ತೆಗೆದು ನೋಡುವುದು, ಎರಡು ಕೆಟ್ಟಿದ್ದರೆ ಮಾಫಿ, ಮೂರನೆಯದು ಸಿಕ್ಕರೆ ಹತ್ತೂ ಚೀಲ ವಾಪಸ್. ಮೇಲಿನ ಸಾಲನ್ನು ಅವರು ಮುಟ್ಟುತ್ತಲೇ ಇರಲಿಲ್ಲ. “ಇದು ಬೀಗರಿಗೆ ತೋರ್ಸಾಕ ಇಟ್ಟಿದ್ದು” ಎಂದು ನಕ್ಕು, ಸೂರು ನೋಡುತ್ತ ಕೈಯನ್ನು ಒಳಗೆ ಇಳಿಸುತ್ತಿದ್ದರು.

ಜೋಡಿ ಕಟ್ಟುವ ದಾರಕ್ಕೆ ಮನೆಗೊಂದು ಬಣ್ಣ. ಕೆಂಪು ನಮ್ಮ ದೊಡ್ಡವ್ವನದು. ಅವಳಷ್ಟು ಗಟ್ಟಿಯಾಗಿ ಹೊಲಿಯುವವರು ಸಂಘದಲ್ಲಿ ಬೇರೆ ಇರಲಿಲ್ಲ. ಹೊರಬಂದ ದಾರಗಳಿಗೆ ನಾನು ಡೈರಿಯಲ್ಲಿ ಗೆರೆ ಎಳೆಯುತ್ತಿದ್ದೆ. ಏಳು ಮನೆಯ ಮಾಲು ಬೆರೆತ ಚೀಲಗಳಿಂದ ಬಹುಪಾಲು ಕೆಂಪೇ ಬರುತ್ತಿತ್ತು, ಮಾಲು ಪ್ರತಿ ಸಲ ಪಾಸಾಗುತ್ತಿತ್ತು. ಅತ್ತ ಗಿರಾಕಿಗಳಿಂದ ಹೊಲಿಗೆ ಬಿಚ್ಚಿದ ದೂರು ಬರುತ್ತಲೇ ಇತ್ತು. ನೋಡದೆ ತೆಗೆಯುವ ಕೈಗೆ ಬಣ್ಣ ಹೇಗೆ ತಿಳಿಯುತ್ತದೆ? ಯಾರೋ ಅವರ ಕೈ ಬೆಚ್ಚಗೆ ಮಾಡಿದ್ದಾರೆ ಎಂದುಕೊಂಡೆ. ಅವರಿಗೆ ಚಹಾ ಕೊಡುತ್ತಿದ್ದ ದೊಡ್ಡವ್ವನ ಮೇಲೂ ಕಣ್ಣಿಟ್ಟೆ.

ಶ್ರಾವಣದ ಒಂದು ಬೆಳಿಗ್ಗೆ ಚೀಲ ತುಂಬಲು ನಾನೂ ಕುಳಿತೆ. ದೊಡ್ಡವ್ವ ನನ್ನ ಕೈ ಹಿಡಿದಳು.

“ಕೆಂಪು ಈಗ ಬ್ಯಾಡ ಬೇ. ಇನ್ನೊಂದೀಟ ತುಂಬಲಿ, ಆಮ್ಯಾಲ ಇಡು.”

“ಯಾಕ?”

“ಚಾಚಾನ ಭುಜ ಹಿಡದೈತಿ. ಕೈ ಮೊಣಕೈ ಮಟ ಅಷ್ಟ ಇಳೀತೈತಿ. ಎಲ್ಲಾ ಬರದ ಇಡ್ತಿ, ಅವರು ಚಹಾ ಎಡಗೈಲೆ ಕುಡಿಯೂದು ನೋಡಿಲ್ಲೇನ?”

“ಇದು ಮೋಸ ಅಲ್ಲೇನ ದೊಡ್ಡವ್ವಾ?”

“ಹಸಿರು ದಾರದಾಕಿ ಹೊಸಬಾಕಿ, ಹೊಲಿಗಿಗೆ ಆಕಿ ಕೈ ಇನ್ನೂ ಕೂಡಿಲ್ಲ. ಮಾಲು ವಾಪಸ್ ಬಂದ್ರ ಆಕೀನ ಸಂಘದಾಗ ಇಟಗೋತಾರೇನ?”

ಅಂದು ಮಧ್ಯಾಹ್ನ ಚಾಚಾ ಬಂದರು. ಕೆಂಪು, ಮತ್ತೆ ಕೆಂಪು... ಐದನೆಯ ಚೀಲದ ಬಳಿ ನಿಂತು, ದಾರವನ್ನು ಬೆರಳಿಗೆ ಸುತ್ತುತ್ತ ದೊಡ್ಡವ್ವನನ್ನು ನೋಡಿದರು.

“ಅಕ್ಕಾ, ಹತ್ತೂ ಚೀಲ ನೀ ಒಬ್ಬಾಕಿನ ಹೊಲದಂಗ ಕಾಣತೈತಿ.”

“ನಿಮ್ಮ ಕೈಗುಣ ರೀ,” ಎಂದಳು ದೊಡ್ಡವ್ವ.

ಅವರು ನಕ್ಕು ಪಾಸ್ ಮಾಡಿದರು. ಅದೇ ಕೊನೆಯ ಸಲ. ದೂರುಗಳು ಹೆಚ್ಚಾದವು; ಲಂಚ ತಿಂದರೆಂದು ವ್ಯಾಪಾರಿ ಅವರನ್ನು ಕೆಲಸದಿಂದ ತೆಗೆದ.

ಅವರಿಗೆ ತಿಳಿದಿತ್ತೇ? ಹಸಿರು ದಾರದವಳಿಗಾಗಿ ಸುಮ್ಮನಿದ್ದರೇ, ಭುಜದ ಸಂಗತಿ ಬಯಲಾದರೆ ಕೆಲಸ ಹೋದೀತೆಂದು ಸುಮ್ಮನಿದ್ದರೇ... ನನ್ನ ಅನುಮಾನ ಇಂದಿಗೂ ಹೋಗಿಲ್ಲ. ಕೇಳಲು ಅವರಿಲ್ಲ. ತೀರಿಕೊಂಡ ಸುದ್ದಿಯನ್ನು ಭಾನುವಾರ ಆ ಚಿಕ್ಕೋಡಿಯ ಅಂಗಡಿಯವನೇ ಹೇಳಿದ.

ಈಗ ತಪಾಸಣೆಗೆ ಬರುವ ಹುಡುಗ ಚೀಲಗಳನ್ನು ಪೂರ್ತಿ ಸುರುವಿಸಿಯೇ ನೋಡುತ್ತಾನೆ. ಪಾಸಾದ ಮೇಲೆ ದೊಡ್ಡವ್ವ ಮತ್ತೆ ತುಂಬುತ್ತಾಳೆ. ಇನ್ನು ಯಾರ ಕೈಯೂ ಇಳಿಯಬೇಕಾಗಿಲ್ಲ, ಯಾವ ಜೋಡಿ ಎಲ್ಲಿದ್ದರೂ ನಡೆಯುತ್ತದೆ.

ಆ ಭಾನುವಾರ ಅಂಗಡಿಯವನು ಆಚೆ ತಿರುಗಿದಾಗ ನಾನು ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ಒಂದು ಜೋಡಿ ಎಳೆದೆ.

ಕೆಂಪು ದಾರ.