ಆ ಒಂದು ಗಂಟೆ ನಾನು ನಲ್ಲಿಯ ಹತ್ತಿರವೇ ಇದ್ದೆ

ನಮ್ಮ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿಯುವ ಮುಂಚೆ ಸಾಕ್ಷಿ ಹೇಳುವ ಸಮಯ ಅಂತ ಒಂದಿದೆ. ಆ ವಾರ ದೇವರು ತಮಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರೇ ಎದ್ದು ನಿಂತು ಹೇಳುತ್ತಾರೆ. ಜ್ವರ ಬಿಟ್ಟಿತು, ಕಳೆದುಹೋಗಿದ್ದ ಗ್ಯಾಸ್ ಪುಸ್ತಕ ಸಿಕ್ಕಿತು, ಬೆಂಗಳೂರಿನ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು, ಎಲ್ಲಕ್ಕೂ ಸ್ತೋತ್ರ. ನಾನು ಆ ಹೊತ್ತಿಗೆ ಚಪ್ಪಲಿ ನೋಡಿಕೊಳ್ಳುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತಿದ್ದೆ. ದೇವರಿಲ್ಲ ಎಂದು ನಾನು ಯಾವತ್ತೂ ಅಂದವಳಲ್ಲ. ಆದರೆ ಆತ ಆಂಡರ್ಸನ್‌ಪೇಟೆಯ ನಮ್ಮ ಓಣಿಗೆ ಬಂದು, ನಮ್ಮ ಮನೆಯ ವಿಷಯಕ್ಕೆ ಕೈ ಹಾಕುತ್ತಾನೆ ಅಂದರೆ ನಗು ಬರುತ್ತಿತ್ತು. ಈಗ ನಿಮ್ಮನ್ನು ನಂಬಿಸಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ನನ್ನ ಬಗ್ಗೆ ಒಂದು ಕತೆ ಊರಲ್ಲೆಲ್ಲ ಓಡಾಡುತ್ತಿದೆ, ಅದು ತಪ್ಪು ಎಂದು ಹೇಳುವುದಕ್ಕೆ ಬರೆಯುತ್ತಿದ್ದೇನೆ.

ಪ್ರೇಮಲೀಲ ನಮ್ಮ ಯಜಮಾನರ ತಂಗಿ. ಬಂಗಾರಪೇಟೆಗೆ ಕೊಟ್ಟಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಮಗಳು ಗ್ರೇಸಿಗೆ ಕೋಲಾರದ ಕಡೆಯ ಒಂದು ಸಂಬಂಧ ಕೂಡಿ ಬಂದಿತ್ತು. ಗಂಡಿನವರು ನೋಡಿ ಒಪ್ಪಿಕೊಂಡು ಹೋಗಿದ್ದರು. ನಿಶ್ಚಿತಾರ್ಥಕ್ಕೆ ಹತ್ತು ದಿನ ಇರುವಾಗ ಗಂಡಿನ ತಾಯಿಗೆ ಈ ಪ್ರೇಮಲೀಲ ಹೇಳಿದಳು, ಗ್ರೇಸಿಗೆ ಏಳು ವರ್ಷ ತುಂಬುವವರೆಗೆ ಮೂರ್ಛೆ ಬರುತ್ತಿತ್ತು ಎಂದು. ಅದು ವಾಸಿಯಾಗಿ, ಮಾತ್ರೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವರು ಫೋನಿನಲ್ಲೇ ಸಂಬಂಧ ಬೇಡವೆಂದರು. ಗ್ರೇಸಿ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಪ್ರೇಮಲೀಲ ಸುಳ್ಳು ಹೇಳಿದಳೇ ಎಂದು ನೀವು ಕೇಳಬಹುದು. ಇಲ್ಲ, ನಿಜವನ್ನೇ ಹೇಳಿದಳು. ಅದರಿಂದ ನನ್ನ ಸಿಟ್ಟು ಗುಲಗಂಜಿಯಷ್ಟೂ ಇಳಿಯಲಿಲ್ಲ. ಅವಳ ಬಾಗಿಲಲ್ಲಿ ನಿಂತು, ನಾನು ಸತ್ತರೂ ಮಣ್ಣಿಗೆ ಬರಬೇಡ ಅಂದು ಬಂದೆ. ಆಮೇಲೆ ಎರಡೂವರೆ ವರ್ಷ ಮಾತಿಲ್ಲ, ಕತೆಯಿಲ್ಲ.

ಹಾಗಿರುವಾಗ ಒಂದು ಬೇಸಿಗೆಯಲ್ಲಿ ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತು. ಎರಡು ದಿನ ಚೆನ್ನಾಗಿದ್ದವಳಿಗೆ ಮೂರನೆಯ ದಿನ ಸಂಜೆ ರಕ್ತಸ್ರಾವ ಶುರುವಾಯಿತು. ಮಾರನೆಯ ದಿನ ರಕ್ತ ಹೊಂದಿಸಿಕೊಂಡು ಮತ್ತೆ ಆಪರೇಷನ್ ಮಾಡಬೇಕು, ಉಳಿಯುವುದು ಕಷ್ಟ ಎಂದು ಸುದ್ದಿ ಬಂತು. ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಕೂಡಲೇ ಸರಪಳಿ ಪ್ರಾರ್ಥನೆಯ ಪಟ್ಟಿ ಹಾಕಿದರು. ಒಂದೊಂದು ಮನೆಯವರು ಒಂದೊಂದು ಗಂಟೆ ಮೊಣಕಾಲೂರಿ ಪ್ರಾರ್ಥಿಸಬೇಕು, ಗಂಟೆ ಮುಗಿದ ಮೇಲೆ ಮುಂದಿನ ಮನೆಗೆ ಫೋನ್ ಮಾಡಿ ಒಪ್ಪಿಸಬೇಕು. ಸರಪಳಿ ಎಲ್ಲೂ ಕಡಿಯಬಾರದು. ಯಜಮಾನರು ನನ್ನನ್ನು ಒಂದು ಮಾತು ಕೇಳದೆ ಹತ್ತರಿಂದ ಹನ್ನೊಂದು ನಮ್ಮ ಮನೆ ಎಂದು ಬರೆಸಿ, ಬೆಳಗ್ಗೆ ಫ್ಯಾಕ್ಟರಿಗೆ ಹೊರಟು ನಿಂತರು. ಅವರಿಗೆ ರಜೆ ಸಿಕ್ಕಿರಲಿಲ್ಲ.

"ನನ್ನ ತಂಗಿಗಲ್ಲ ಅಂದ್ಕೋ, ಯಾರೋ ಒಬ್ಳು ಹೆಂಗಸು ಅಂತಾದ್ರೂ ಪ್ರಾರ್ಥನೆ ಮಾಡು" ಅಂದರು. ನಾನು ಊಟದ ಡಬ್ಬಿ ಕೈಗೆ ಕೊಟ್ಟೆ.

ಸರಿಯಾಗಿ ಹತ್ತು ಗಂಟೆಗೆ ಪಟ್ಟಿಯಲ್ಲಿ ನಮಗಿಂತ ಹಿಂದಿನ ಮನೆಯ ಸುಲೋಚನಮ್ಮ ಫೋನ್ ಮಾಡಿ, "ನಮ್ದಾಯ್ತು, ನೀವು ಶುರು ಮಾಡಿ" ಅಂದರು. ಹೂಂ ಅಂದೆ. ಫೋನ್ ಕೆಳಗಿಡುವಷ್ಟರಲ್ಲಿ ಓಣಿಯಲ್ಲಿ ನೀರು ಬಂತು ಎಂದು ಕೂಗು. ನಮ್ಮಲ್ಲಿ ನೀರು ಬರುವುದೆಂದರೇನು ಎಂದು ಬೇರೆ ಊರಿನವರಿಗೆ ಅರ್ಥವಾಗುವುದು ಕಷ್ಟ. ಆರು ಮನೆಗೆ ಒಂದು ನಲ್ಲಿ. ಬೇತಮಂಗಲದ ಕೆರೆಯ ನೀರು ಬಂದು ಒಂಬತ್ತು ದಿನವಾಗಿತ್ತು. ಆ ಹೊತ್ತಿನಲ್ಲಿ ಮದುವೆ ಮನೆಯಲ್ಲಿದ್ದರೂ ಎದ್ದು ಬರುತ್ತೇವೆ. ಆದರೆ ನಿಜ ಹೇಳುತ್ತೇನೆ, ನಾನು ಓಡಿದ್ದು ನೀರಿಗಾಗಿ ಮಾತ್ರವಲ್ಲ. ಪ್ರಾರ್ಥನೆ ಮಾಡದಿರಲು ಒಂದು ಕಾರಣ ಸಿಕ್ಕಿತಲ್ಲ ಎಂದು ಸಂತೋಷವೇ ಆಯಿತು.

ಅಲ್ಲಿ ಎದುರು ಮನೆಯ ಮುನಿಯಮ್ಮನ ಜೊತೆ ಸರದಿಗೆ ಜಗಳವಾಯಿತು. ಅವಳ ಬಿಂದಿಗೆಯನ್ನು ನಾನು ಕಾಲಿನಿಂದ ತಳ್ಳಿದೆ. "ಏನಕ್ಕಾ, ದೇವ್ರ ವಾಕ್ಯ ಓದೋಳು ಇಂಗಾ ಮಾಡೋದು?" ಅಂದಳು. ಆ ಮಾತು ಚುರುಕ್ಕೆಂದಿತು. ಮೊಣಕಾಲಿನವರೆಗೂ ಸೀರೆ ನೆನೆದಿತ್ತು. ಬಿಂದಿಗೆ ಸೊಂಟಕ್ಕೇರಿಸಿಕೊಂಡು ಮನಸ್ಸಿನಲ್ಲೇ ದೇವರಿಗೆ ಹೇಳಿದೆ: ಅವಳಿಗೋಸ್ಕರ ನಾನು ಬೇಡುವುದಿಲ್ಲ. ಅಷ್ಟು ಕನಿಕರವಿದ್ದರೆ ನೀನೇ ಹೋಗಿ ನೋಡಿಕೋ. ಆ ಗಂಟೆಯಲ್ಲಿ ನನ್ನಿಂದ ಬಂದ ಪ್ರಾರ್ಥನೆ ಅಂದರೆ ಅದೊಂದೇ. ಹನ್ನೊಂದಕ್ಕೆ ಕೈ ಒರೆಸಿಕೊಂಡು ಮುಂದಿನ ಮನೆಗೆ ಫೋನ್ ಮಾಡಿ, "ನಮ್ದಾಯ್ತು, ನೀವು ಶುರು ಮಾಡಿ" ಎಂದು ಸುಳ್ಳು ಹೇಳಿದೆ. ನಾಲಿಗೆ ತಡವರಿಸಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಆಪರೇಷನ್ ಮುಗಿಯಿತು, ಜೀವಕ್ಕೆ ಭಯವಿಲ್ಲ ಎಂದು ತಿಳಿಯಿತು. ಮಾರನೆಯ ದಿನ ಯಜಮಾನರು ನನ್ನನ್ನು ಬಲವಂತವಾಗಿ ಬಂಗಾರಪೇಟೆಗೆ ಕರೆದುಕೊಂಡು ಹೋದರು. ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ಒಬ್ಬಳು ನರ್ಸ್ ಎದುರಾದಳು. ಅವಳನ್ನು ನಾನು ಹುಟ್ಟಿದಾಗಿನಿಂದ ನೋಡಿದವಳಲ್ಲ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇವತ್ತು ಒಣಗಿದ ಸೀರೆ ಉಟ್ಕೊಂಡು ಬಂದ್ರಾ ಅಕ್ಕಾ? ನಿನ್ನೆ ನೀವು ಹೋದ್ಮೇಲೆ ಮೂರು ಸಲ ನೆಲ ಒರೆಸ್ದೆ" ಎಂದು ನಕ್ಕಳು. ಯಾರನ್ನೋ ಕಂಡು ನಾನೆಂದುಕೊಂಡಿದ್ದಾಳೆ ಎಂದು ಒಳಗೆ ಹೋದೆ.

ಪ್ರೇಮಲೀಲ ಬಿಳಿಚಿಕೊಂಡು ಮಲಗಿದ್ದಳು. ನನ್ನನ್ನು ನೋಡಿದ ಕೂಡಲೇ ಕಣ್ಣಲ್ಲಿ ನೀರು ತುಂಬಿತು. ಹಿಂದಿನ ದಿನ ಅವಳ ಗಂಡ ರಕ್ತ ತರಲು ಕೋಲಾರಕ್ಕೆ ಹೋಗಿದ್ದರಿಂದ ಅವಳು ಒಬ್ಬಳೇ ಇದ್ದಳಂತೆ. ಆಗ, ಹತ್ತು ಗಂಟೆಯ ಹೊತ್ತಿಗೆ, ನಾನು ಬಂದೆನಂತೆ.

"ನೀನು ಬರ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ ಅತ್ತಿಗೆ. ಒಂದು ಗಂಟೆ ನೀನು ನನ್ನ ಕಾಲು ಹಿಡ್ಕೊಂಡು ಕೂತಿದ್ದೆ. ಗ್ರೇಸಿ ವಿಷ್ಯ ಮನಸ್ಸಲ್ಲಿಲ್ಲ, ನೆಮ್ಮದಿಯಾಗಿ ಆಪರೇಷನ್‌ಗೆ ಹೋಗು ಅಂದ್ಯಲ್ಲ. ಅದಕ್ಕೇ ನಂಗೆ ಧೈರ್ಯ ಬಂತು."

ನನಗೆ ಭಯವಾಗಲಿಲ್ಲ, ಮೊದಲು ಬಂದದ್ದು ಕೋಪ. ನಾನು ಅವಳ ಕಾಲು ಹಿಡಿಯುವುದೇ? ಗ್ರೇಸಿಯ ವಿಷಯ ಮನಸ್ಸಲ್ಲಿಲ್ಲ ಎಂದು ನನ್ನ ಪರವಾಗಿ ಹೇಳಲು ಯಾರಿಗೆ ಅಧಿಕಾರ? ಹಾಸಿಗೆ ಹಿಡಿದವಳು ಎಂದೂ ನೋಡದೆ, "ನಾನು ಬರ್ಲಿಲ್ಲ ಪ್ರೇಮಾ, ನೀರು ಹಿಡೀತಿದ್ದೆ" ಅಂದೆ. ಅವಳು ಸಣ್ಣಗೆ ನಕ್ಕು, "ಮಾಡಿದ್ದನ್ನ ಮಾಡಿಲ್ಲ ಅನ್ನೋದು ನಿನ್ನ ಅಭ್ಯಾಸ" ಅಂದಳು. ಯಜಮಾನರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರೂ ನನ್ನ ಮಾತು ನಂಬಿರಲಿಲ್ಲ.

ಊರಿಗೆ ಬಂದವಳೇ ಮುನಿಯಮ್ಮನ ಮನೆಗೆ ಹೋಗಿ ಕೇಳಿದೆ. "ಎಲ್ಲೋಗಿದ್ದೆ ಅಂತ ನನ್ನ ಕೇಳ್ತೀಯಲ್ಲಕ್ಕಾ, ನನ್ ಬಿಂದಿಗೆ ಸೊಟ್ಟಗಾಗೈತೆ ನೋಡು" ಎಂದು ತಂದು ತೋರಿಸಿದಳು. ನಾನು ಬಸ್ಸು ಹತ್ತಿ ಬಂಗಾರಪೇಟೆಗೆ ಹೋಗಿ ಬರುವುದಿರಲಿ, ಆ ಗಂಟೆಯಲ್ಲಿ ಓಣಿ ದಾಟಿಯೇ ಇಲ್ಲ. ಆರು ಮನೆಯವರೂ ಅದನ್ನೇ ಹೇಳಿದರು.

ತಿಂಗಳು ಕಳೆದ ಮೇಲೆ ಪ್ರೇಮಲೀಲ ನಮ್ಮ ಚರ್ಚಿಗೆ ಬಂದು ಸಾಕ್ಷಿ ಹೇಳಿದಳು. ಅತ್ತಿಗೆ ಬಂದು ಕ್ಷಮಿಸಿದಳು, ನನ್ನ ಜೀವ ಉಳಿಯಿತು ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಆ ದಿನ ನಾನು ಹೊರಗೆ ಹೋಗಲಿಲ್ಲ. ಎದ್ದು ನಿಂತು, ನಾನು ಹೋಗಿರಲಿಲ್ಲ, ಕ್ಷಮಿಸಿಯೂ ಇಲ್ಲ, ಪಟ್ಟಿಯ ಪ್ರಕಾರ ಪ್ರಾರ್ಥನೆಯನ್ನೂ ಮಾಡಲಿಲ್ಲ, ಸರಪಳಿ ಕಡಿದವಳು ನಾನೇ ಎಂದು ಜೋರಾಗಿಯೇ ಹೇಳಿದೆ. ಸುಲೋಚನಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ನಮ್ಮ ಪಾದ್ರಿ ಅಯ್ಯನವರು ಕೈ ಎತ್ತಿ, "ನಮ್ಮ ಸಹೋದರಿಯ ದೀನತೆಗಾಗಿ ಸ್ತೋತ್ರ" ಅಂದರು. ಇಡೀ ಸಭೆ ಆಮೆನ್ ಅಂದಿತು. ಅವತ್ತು ನನಗೆ ಬಂದ ಸಿಟ್ಟು ಜನ್ಮದಲ್ಲಿ ಬಂದಿಲ್ಲ.

ನಾನೂ ಕಾರಣ ಹುಡುಕದೆ ಇರಲಿಲ್ಲ. ಅಷ್ಟು ರಕ್ತ ಹೋದವರಿಗೆ ಏನೇನೋ ಕಾಣಿಸುತ್ತದೆ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ನರ್ಸಿಗೇನೂ ರಕ್ತ ಹೋಗಿರಲಿಲ್ಲ. ನನ್ನಂತೆಯೇ ಇರುವ ಇನ್ನೊಬ್ಬಳು ಕೋಣೆ ತಪ್ಪಿ ಬಂದಿರಬಹುದು. ಆದರೆ ಮಳೆಯಿಲ್ಲದ ಆ ಬಿಸಿಲಿನಲ್ಲಿ ಸೀರೆ ನೆನೆಸಿಕೊಂಡು ಬಂದವಳಿಗೆ ಗ್ರೇಸಿಯ ಹೆಸರು ಯಾರು ಹೇಳಿಕೊಟ್ಟರು? ಆಮೇಲೆ ನಾನು ದಿನಾ ಪ್ರಾರ್ಥನೆ ಮಾಡತೊಡಗಿದೆ, ಅದನ್ನು ಜಗಳ ಅಂದರೂ ಸರಿ. ಕ್ಷಮಿಸುವುದಿದ್ದರೆ ನನ್ನ ಬಾಯಿಂದ ನಾನು ಕ್ಷಮಿಸುತ್ತೇನೆ, ನನ್ನ ಮುಖ ಹೊತ್ತುಕೊಂಡು ಹೋಗಲು ನಿನ್ನನ್ನು ಯಾರು ಕೇಳಿದರು ಎಂದು ದೇವರನ್ನು ಎರಡು ವರ್ಷ ಕೇಳಿದೆ. ಪ್ರೇಮಲೀಲ ಮಾತ್ರ ಏನೂ ಆಗದವಳಂತೆ ನಮ್ಮ ಮನೆಗೆ ಬಂದು ಹೋಗುತ್ತಿದ್ದಳು. ಬಂದವಳನ್ನು ಹೊರಗೆ ದಬ್ಬಲಾಗುತ್ತದೆಯೇ, ಊಟಕ್ಕೆ ಬಡಿಸುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಹೀಗೇ ಬಂದಿದ್ದಳು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಅವಳು ಏನೋ ನೆನೆಸಿಕೊಂಡವಳಂತೆ ಅಂದಳು.

"ಅವತ್ತು ಆಸ್ಪತ್ರೇಲಿ ನೀನು ಅಷ್ಟೊಂದು ಅಳ್ಬಾರ್ದಾಗಿತ್ತು ಅತ್ತಿಗೆ. 'ಗಂಡಿನೋರು ಬಂದಿದ್ ದಿನ ನಾನೇ ಅವ್ರಿಗೆ ಮೂರ್ಛೆ ವಿಷ್ಯ ಹೇಳ್ಬೇಕು ಅಂತ ಕಾಫಿ ತಟ್ಟೆ ಹಿಡ್ಕೊಂಡು ಬಾಗ್ಲವರ್ಗೂ ಹೋದೆ, ಹೇಳೋಕಾಗ್ದೆ ವಾಪಸ್ ಬಂದೆ, ನನ್ನ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ದೆ, ಕ್ಷಮಿಸು' ಅಂದ್ಯಲ್ಲ. ನಂಗೆ ಸಂಕಟ ಆಗೋಯ್ತು."

ನನ್ನ ಕೈ ನಿಂತುಹೋಯಿತು. ಬಾಗಿಲವರೆಗೆ ಹೋಗಿ ವಾಪಸ್ ಬಂದದ್ದು ನಿಜ. ಅದನ್ನು ನಾನು ಯಜಮಾನರಿಗೆ ಹೇಳಿಲ್ಲ, ಗ್ರೇಸಿಗೆ ಹೇಳಿಲ್ಲ, ದೇವರಿಗೂ ಹೇಳಿರಲಿಲ್ಲ.

"ಅದಕ್ಕೆ ನೀನೇನಂದೆ?" ಎಂದು ಕೇಳಿದೆ.

"ಇನ್ನೇನಂತೀನಿ? ಹೋಗ್ಲಿ ಬಿಡು ಅಂದೆ" ಎಂದು ಅವಳು ಕಾಯಿ ಸುಲಿಯುತ್ತಲೇ ಹೇಳಿದಳು.

ಆ ದಿನ ಅಲ್ಲಿಗೆ ಹೋದದ್ದು ಯಾರೋ ನನಗೆ ಗೊತ್ತಿಲ್ಲ. ನಾನಂತೂ ಅಲ್ಲ, ಈ ಮಾತನ್ನು ಯಾರು ಕೇಳಿದರೂ ಬದಲಿಸುವುದಿಲ್ಲ. ಆದರೆ ಪ್ರೇಮಲೀಲಳಿಗೆ ಅದನ್ನು ಇನ್ನೊಂದು ಸಲ ಹೇಳಲು ಅವತ್ತು ನನಗೆ ಬಾಯಿ ಬರಲಿಲ್ಲ.